‘ಅವದಿ’ ತಿದ್ದಿದ ಮಹಾಪ್ರಾಣ

“ಇವತ್ತಿನಿಂದ ಈ ಮನೆಯಲ್ಲಿ ನಾನು ಓದದ ಕಾಗದಕ್ಕೆ ಯಾರೂ ಸಹಿ ಹಾಕಕೂಡದು!”

ಮಾರ್ಚ್ ತಿಂಗಳ ಒಂದು ಸಂಜೆ ಊಟದ ಮೇಜಿನ ಮುಂದೆ ಎದ್ದು ನಿಂತು ಈ ರಾಜಾಜ್ಞೆ ಹೊರಡಿಸಿದವರು ಮಹಾಪ್ರಾಣ. ಕೇಳಿಸಿಕೊಂಡ ಪ್ರಜೆಗಳು ಇಬ್ಬರೇ: ಹೆಂಡತಿ, ಮತ್ತು ಹೆಂಡತಿಯ ತಂಗಿ.

ಮಹಾಪ್ರಾಣ ಎಂಬುದು ಅವರ ಹೆಸರಲ್ಲ, ಬಿರುದು. ಮೂವತ್ತೇಳು ವರ್ಷ ಒಂದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವರು. ಒಮ್ಮೆ ಇಪ್ಪತ್ತು ಸಾವಿರ ಪ್ರತಿ ದಡದಡ ಅಚ್ಚಾಗುತ್ತಿದ್ದಾಗ, ಒಂದು ‘ಧ’ದ ಹೊಟ್ಟೆ ಸೀಳಿಲ್ಲವೆಂದು ಓಡಿಬಂದು ಮೆಷಿನ್ನಿನ ಸ್ವಿಚ್ಚನ್ನೇ ಆರಿಸಿದ್ದರು! ಅಂದಿನಿಂದ ಮಾಲೀಕರಿಂದ ಹಿಡಿದು ಬೈಂಡಿಂಗಿನವರವರೆಗೆ ಎಲ್ಲರಿಗೂ ಅವರು ಮಹಾಪ್ರಾಣ. ಅವರು ನಿವೃತ್ತರಾದರೂ ಜೇಬಿನ ಕೆಂಪು ಪೆನ್ನು ನಿವೃತ್ತಿಯಾಗಲಿಲ್ಲ. ಲಿಫ್ಟಿನೊಳಗಿನ ಸೂಚನೆ, ನೀರಿನ ಬಿಲ್ಲು, ಪಕ್ಕದ ಮನೆಯವರು ಬಾಗಿಲಿಗೆ ಅಂಟಿಸಿದ ಚೀಟಿ, ಯಾವುದೂ ಅದರಿಂದ ಪಾರಾಗುತ್ತಿರಲಿಲ್ಲ.

ರಾಜಾಜ್ಞೆಗೆ ಕಾರಣ, ನಾದಿನಿ ತಂದಿದ್ದ ಒಂದು ಪುಸ್ತಿಕೆ, ಜೊತೆಗೊಂದು ಅರ್ಜಿ. ಆಕೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಯಾರಿಗೆ ಯಾವ ವಿಮೆ, ಯಾರಿಗೆ ಯಾವುದಿಲ್ಲ ಎಂಬುದೆಲ್ಲ ಅವಳಿಗೆ ಬಾಯಿಪಾಠ.

“ಭಾವ, ಇಪ್ಪತ್ತನೇ ತಾರೀಖು ಅಕ್ಕನಿಗೆ ಅರವತ್ತೈದು ತುಂಬುತ್ತೆ. ಸರ್ಕಾರಿ ವಿಮೆ ಈ ತಿಂಗಳಿಂದ ಶುರು. ಆದ್ರೆ ಅದು ಆಸ್ಪತ್ರೆ ಖರ್ಚೆಲ್ಲಾ ಕೊಡಲ್ಲ, ಐದರಲ್ಲಿ ಒಂದು ಪಾಲು ನಮ್ಮ ತಲೆ ಮೇಲೇ. ಅದಕ್ಕೇ ಈ ಪೂರಕ ವಿಮೆ. ಮೊದಲ ಆರು ತಿಂಗಳೊಳಗೆ ಸೇರಿದ್ರೆ, ಏನು ಕಾಯಿಲೆ ಅಂತ ಕಂಪನಿಯವರು ಕೇಳೋ ಹಾಗೇ ಇಲ್ಲ. ಆಮೇಲೆ ಹೋದ್ರೆ ಕೇಳ್ತಾರೆ, ಆಗಲ್ಲ ಅಂತ್ಲೂ ಅನ್ನಬಹುದು. ಅಕ್ಕನ ಉಬ್ಬಸ ನಿಮಗೇ ಗೊತ್ತಲ್ಲ. ಇಲ್ಲೊಂದು ಸಹಿ ಹಾಕಿಸಿ, ನಾಳೆ ನಾನೇ ಕೊಟ್ಟು ಬರ್ತೀನಿ.”

ಹೆಂಡತಿ ಪೆನ್ನಿನ ಟೋಪಿ ತೆಗೆದೂ ಆಗಿತ್ತು. ಮಹಾಪ್ರಾಣ ಅರ್ಜಿಯ ಮೇಲೆ ಅಂಗೈ ಊರಿದರು.

“ಅರವತ್ತನಾಲ್ಕು ಪುಟ ಇದೆ! ಸಣ್ಣಕ್ಷರದಲ್ಲೇ ಮೋಸ ಇರೋದು. ನಾನು ಓದ್ತೀನಿ.”

“ಪ್ರೆಸ್ಸಿನವರು ನಿಮಗೆ ವಿಮೆ ಮಾಡಿಸಿಕೊಟ್ಟಾಗ ನೀವು ಓದಿದ್ರಾ?” ಎಂದರು ಹೆಂಡತಿ.

“ಅದು ಬೇರೆ.”

ಹೇಗೆ ಬೇರೆ ಎಂಬುದು ಈವರೆಗೂ ತಿಳಿದುಬಂದಿಲ್ಲ.

ಓದು ಶುರುವಾಯಿತು. ರಕ್ಷಾಪುಟದಲ್ಲೇ ರಕ್ತಪಾತ! ಅಲ್ಲಿ ದಪ್ಪ ಅಕ್ಷರದಲ್ಲಿ ‘ವೃದ್ದರಿಗಾಗಿ’ ಎಂದಿತ್ತು.

“ಇಲ್ಲಿ ನೋಡೇ! ಇವರ ವೃದ್ಧರಿಗೇ ಪ್ರಾಣ ಇಲ್ಲ, ಇನ್ನು ನಿನ್ನ ಪ್ರಾಣ ಹೇಗೆ ಉಳಿಸ್ತಾರೆ?”

ಹನ್ನೆರಡನೆಯ ಪುಟದಲ್ಲಂತೂ ನಿಧಿಯೇ ಸಿಕ್ಕಿತು: ‘ಅವದಿ’! ಒಂದಲ್ಲ, ಎರಡಲ್ಲ, ಪುಸ್ತಿಕೆಯ ತುಂಬ ನಲವತ್ತೊಂದು ಅವದಿಗಳು. ಒಂದೊಂದನ್ನೂ ಕೆಂಪು ಸುತ್ತಿನೊಳಗೆ ಕೂಡಿಹಾಕಿ, ಒಂಬತ್ತು ಪುಟದ ತಪ್ಪು-ಒಪ್ಪು ಪಟ್ಟಿ ಸಿದ್ಧಪಡಿಸಿ ಕಂಪನಿಗೆ ಕಳಿಸಿದರು. ಮೇ ತಿಂಗಳಲ್ಲಿ ಉತ್ತರವೂ ಬಂತು: “ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು. ಮುಂದೆ ಸರಿಪಡಿಸಲಾಗುವುದು.” ಮಹಾಪ್ರಾಣ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹಾಲು ತೆಗೆಯುವಾಗಲೊಮ್ಮೆ, ಇಡುವಾಗಲೊಮ್ಮೆ ಓದಿಕೊಂಡರು.

“ಈಗ ಸಹಿ ಹಾಕ್ಲಾ?” ಜೂನ್‌ನಲ್ಲಿ ಹೆಂಡತಿ ಕೇಳಿದರು.

“ತಿದ್ದಿದ ಪ್ರತಿ ಬರಲಿ ತಾಳು.”

ಜುಲೈನಲ್ಲಿ ಮತ್ತೆ ಕೇಳಿದರು.

“ಸೆಪ್ಟೆಂಬರ್ ಇಪ್ಪತ್ತರವರೆಗೆ ಸಮಯ ಇದೆ ಕಣೇ. ನಾನು ಓದಿಲ್ವಾ?”

“ನಿಮ್ಮ ಮಹಾಪ್ರಾಣದಿಂದ ನನ್ನ ಅಲ್ಪಪ್ರಾಣಕ್ಕೆ ಕುತ್ತು ಬರದಿದ್ರೆ ಸಾಕು.”

ಮಾತಿನ ಚಮತ್ಕಾರಕ್ಕೆ ಮಹಾಪ್ರಾಣ ಮನಸಾರೆ ನಕ್ಕರು. ಅರ್ಥ ತಲೆಗೆ ಹೋಗಲಿಲ್ಲ. ಆಗಸ್ಟಿನಲ್ಲಿ ನಾದಿನಿಯ ಫೋನು ಬಂತು.

“ಭಾವ, ಅರ್ಜಿ ಕೊಟ್ರಾ?”

“ಮೊದಲು ನಿಮ್ಮ ಅಂಗಡಿ ಬೋರ್ಡಲ್ಲಿರೋ ‘ಔಷದಿ’ಯನ್ನ ಸರಿ ಮಾಡ್ಸಮ್ಮ!”

ಸೆಪ್ಟೆಂಬರ್ ಒಂಬತ್ತರಂದು, ಇನ್ನೂ ಹನ್ನೊಂದು ದಿನ ಕೈಯಲ್ಲಿದೆ ಎಂಬ ಠೀವಿಯಲ್ಲಿ, ಹೆಂಡತಿಯನ್ನು ಕರೆದುಕೊಂಡು ವಿಮಾ ಕಚೇರಿಗೆ ಹೋದರು. ಕೌಂಟರಿನ ಹೆಂಗಸು ಅರ್ಜಿ ನೋಡಿದಳು, ಕ್ಯಾಲೆಂಡರ್ ನೋಡಿದಳು, ಆಮೇಲೆ ಇಬ್ಬರ ಮುಖ ನೋಡಿದಳು.

“ಸಾರ್, ಇದು ಮೊನ್ನೆ ಆಗಸ್ಟ್ ಮೂವತ್ತೊಂದಕ್ಕೇ ಮುಗೀತಲ್ಲ.”

“ಹೇಗೆ ಮುಗಿಯುತ್ತಮ್ಮ? ಇವಳು ಹುಟ್ಟಿದ್ದು ಮಾರ್ಚ್ ಇಪ್ಪತ್ತು. ಆರು ತಿಂಗಳು ಅಂದ್ರೆ ಸೆಪ್ಟೆಂಬರ್ ಇಪ್ಪತ್ತು!”

“ಹುಟ್ಟಿದ ತಾರೀಖಿನಿಂದ ಅಲ್ಲ ಸಾರ್. ಸರ್ಕಾರಿ ವಿಮೆ ಶುರುವಾದ ತಿಂಗಳ ಒಂದನೇ ತಾರೀಖಿನಿಂದ ಲೆಕ್ಕ. ಪುಸ್ತಿಕೆಯಲ್ಲೇ ಇದೆ.”

“ಎಲ್ಲಿದೆ? ತೋರಿಸಿ! ಒಂದಕ್ಷರ ಬಿಡದೆ ಓದಿದೀನಿ!” ಎಂದು ತಮ್ಮ ಪ್ರತಿಯನ್ನೇ ಕೌಂಟರಿನ ಮೇಲೆ ಬಡಿದರು.

ಆಕೆ ನಿಧಾನವಾಗಿ ಹನ್ನೆರಡನೆಯ ಪುಟ ತೆರೆದಳು. “ಸೇರ್ಪಡೆಯ ಅವದಿಯು ಸರ್ಕಾರಿ ವಿಮೆ ಜಾರಿಗೆ ಬಂದ ತಿಂಗಳ ಮೊದಲ ದಿನದಿಂದ ಆರಂಭವಾಗುತ್ತದೆ.” ಆ ಸಾಲಿನ ನಡುವೆ ‘ಅವದಿ’ಯ ಸುತ್ತ ದುಂಡನೆಯ, ಅಚ್ಚುಕಟ್ಟಾದ ಕೆಂಪು ಸುತ್ತು.

“ಈ ಸಾಲನ್ನ ನೀವೇ ತಿದ್ದಿದೀರಲ್ಲ ಸಾರ್.”

ನಲವತ್ತೊಂದು ಅವಧಿಗೆ ಪ್ರಾಣ ಕೊಡುವಷ್ಟರಲ್ಲಿ ಇದ್ದ ಒಂದೇ ಒಂದು ಅವಧಿ ಪ್ರಾಣ ಬಿಟ್ಟಿತ್ತು!

ಈಗಲೂ ಅರ್ಜಿ ಹಾಕಬಹುದು, ಆದರೆ ಆರೋಗ್ಯದ ಪ್ರಶ್ನೆಗಳಿಗೆ ಉತ್ತರಿಸಬೇಕು ಎಂದಳು ಆಕೆ. ಉಬ್ಬಸ ಇದೆಯೇ ಎಂದು ಕೇಳಿದಾಗ, ಜೀವಮಾನದಲ್ಲಿ ಒಂದು ತಪ್ಪನ್ನೂ ಸುಮ್ಮನೆ ಬಿಡದಿದ್ದ ಮಹಾಪ್ರಾಣ ‘ಇಲ್ಲ’ ಎನ್ನಲು ಬಾಯಿ ತೆರೆದರು. ಹೆಂಡತಿ ಅವರ ಮೊಣಕೈ ಹಿಡಿದು ತಡೆದರು.

“ಇದೆ ತಾಯಿ. ಹನ್ನೆರಡು ವರ್ಷದಿಂದ ಇದೆ.”

ಮೂರು ವಾರಕ್ಕೆ ಕಂಪನಿಯ ಪತ್ರ ಬಂತು. ‘ಅವಧಿ ಮೀರಿರುವುದರಿಂದಲೂ, ಶ್ವಾಸಕೋಶದ ತೊಂದರೆಯಿರುವುದರಿಂದಲೂ ಅರ್ಜಿಯನ್ನು ಪುರಸ್ಕರಿಸಲಾಗುವುದಿಲ್ಲ.’ ಮಹಾಪ್ರಾಣ ನಾಲ್ಕು ಸಲ ಓದಿದರು. ಒಂದು ತಪ್ಪೂ ಸಿಗಲಿಲ್ಲ. ಕಂಪನಿ ಅವರ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿತ್ತು! ಅವಧಿಯ ‘ಧ’ಕ್ಕೆ ಹೊಟ್ಟೆ ಚೊಕ್ಕವಾಗಿ ಸೀಳಿತ್ತು.

ಹೆಂಡತಿ ಕಿಟಕಿಯ ಹತ್ತಿರ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು. ಯಾರದೋ ಪರದೆಯ ಅಂಚು ಮಡಿಸುತ್ತ, ಒಂದು ಗೇಣು ಹೊಲಿದು ನಿಲ್ಲಿಸಿ, ಎದೆಯ ಮೇಲೆ ಕೈಯಿಟ್ಟು ಉಸಿರೆಳೆದುಕೊಂಡು, ಮತ್ತೊಂದು ಗೇಣು ಹೊಲಿಯುತ್ತಿದ್ದರು. ಇಷ್ಟು ವರ್ಷ ಪಕ್ಕದಲ್ಲೇ ಕೂತು ಪತ್ರಿಕೆ ತಿದ್ದಿದ ಮನುಷ್ಯನಿಗೆ ಆ ನಿಲುಗಡೆಗಳು ಕೇಳಿಸಿದ್ದು ಅವತ್ತೇ. ಹತ್ತಿರ ಹೋಗಿ ನಿಂತರು.

“ತಪ್ಪು ನಂದೇ,” ಎಂದರು.

“ಏನಂದ್ರಿ? ಮಿಷನ್ ಸದ್ದಲ್ಲಿ ಕೇಳಿಸ್ಲಿಲ್ಲ.”

ಮಿಷನ್ ನಿಂತು ಆಗಲೇ ಎರಡು ನಿಮಿಷವಾಗಿತ್ತು. ಮಹಾಪ್ರಾಣ ಮತ್ತೊಮ್ಮೆ ಹೇಳಿದರು, ಈ ಸಲ ಜೋರಾಗಿ.

“ಸರಿ. ಬೈಸ್ಕೊಳ್ಳೋಕೆ ಬಂದಿದ್ರೆ ಆಮೇಲೆ ಬನ್ನಿ. ಈಗ ಉಸಿರು ಸಾಲ್ತಿಲ್ಲ.”

ಬೈದಿದ್ದರೆ ಚೆನ್ನಾಗಿತ್ತು. ಆದರೆ ಆಕೆ ಆಮೇಲೂ ಬೈಯಲಿಲ್ಲ. ಅದನ್ನು ತಡೆದುಕೊಳ್ಳುವುದೇ ಅವರಿಗೆ ಕಷ್ಟವಾಯಿತು.

ದಾರಿ ಹುಡುಕಿದವಳು ನಾದಿನಿಯೇ. ವರ್ಷಕ್ಕೊಮ್ಮೆ, ಅಕ್ಟೋಬರ್ ನಡುವಿನಿಂದ ಕೆಲವು ವಾರ ತೆರೆಯುವ ಇನ್ನೊಂದು ಯೋಜನೆ ಇತ್ತು. ಅದರಲ್ಲಿ ಕಾಯಿಲೆ ಕೇಳುವುದಿಲ್ಲ. ಆದರೆ ಅವರು ಹೇಳಿದ ಆಸ್ಪತ್ರೆಗೇ ಹೋಗಬೇಕು, ಅವರ ಪಟ್ಟಿಯ ಡಾಕ್ಟರಿಗೇ ತೋರಿಸಬೇಕು. ಮಹಾಪ್ರಾಣ ಪಟ್ಟಿಯನ್ನು ಎರಡು ಸಲ ಜಾಲಾಡಿದರು. ಹೆಂಡತಿಯ ಹೆಜ್ಜೆಯ ಸದ್ದಿನಲ್ಲೇ ಉಬ್ಬಸ ಎಷ್ಟಿದೆಯೆಂದು ಹೇಳುತ್ತಿದ್ದ, ಹನ್ನೆರಡು ವರ್ಷದಿಂದ ಆಕೆಯನ್ನು ನೋಡುತ್ತಿದ್ದ ಡಾಕ್ಟರಮ್ಮನ ಹೆಸರು ಅದರಲ್ಲಿರಲಿಲ್ಲ.

“ಇರಲಿ ಬಿಡಿ. ಹೊಸಬರಿಗೂ ಕಿವಿ ಇರುತ್ತೆ,” ಎಂದು ಹೆಂಡತಿ ಆ ಮಾತನ್ನು ಅಲ್ಲಿಗೇ ಮುಗಿಸಿದರು. ಆದರೆ ಮರುದಿನ ಮಧ್ಯಾಹ್ನ ಒಬ್ಬರೇ ಹೋಗಿ ಡಾಕ್ಟರಮ್ಮನಿಗೆ ಹೇಳಿ ಬಂದರು. ಬಂದಾಗ ಕಣ್ಣು ಕೆಂಪಗಿತ್ತು.

ಅರ್ಜಿ ತುಂಬಿದ್ದು ಔಷಧಿ ಅಂಗಡಿಯ ಕೌಂಟರಿನ ಮೇಲೆ, ಹತ್ತೇ ನಿಮಿಷದಲ್ಲಿ. ಹೆಂಡತಿ ಬರೆಯುತ್ತಿದ್ದರು, ನಾದಿನಿ ಬೆರಳಿಟ್ಟು ತೋರಿಸುತ್ತಿದ್ದಳು, ಮಹಾಪ್ರಾಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಕೊನೆಯ ಸಾಲು ಬಂತು: ‘ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು’. ಹೆಂಡತಿ ಒಂದು ಕ್ಷಣವೂ ತಡವರಿಸದೆ ತಂಗಿಯ ಹೆಸರು, ಅವಳ ಫೋನ್ ನಂಬರು ಬರೆದರು.

ಮಹಾಪ್ರಾಣ ತಡೆಯಲಾರದೆ ಕೇಳಿಯೇಬಿಟ್ಟರು, ಮೆಲ್ಲಗೆ: “ಅಲ್ಲಿ... ನನ್ನ ಹೆಸರು ಬರಬೇಕಲ್ವೇನೇ?”

ಹೆಂಡತಿ ಪೆನ್ನಿನ ಟೋಪಿ ಹಾಕಿ, ಗಂಡನ ಕಡೆ ತಿರುಗಿ, ಬಹಳ ಮೃದುವಾಗಿ ಹೇಳಿದರು:

“ಬರಬೇಕಿತ್ತು ರೀ. ಆದ್ರೆ ‘ತುರ್ತು’ ಅಂತ ಹಾಕಿದಾರಲ್ಲ.”