ಧೌ ಬೀಜಕ್ಕೆ ಛತ್ರಿ ಹಿಡಿದ ಚಳಿಗಾಲ

ಮರದ ಕೆಳಗೆ ನಿಂತು ತಲೆಯೆತ್ತಿ ನೋಡುವ ಹೆಂಗಸನ್ನು ದೆಹಲಿ ಎಂದೂ ಅವಳ ಪಾಡಿಗೆ ಬಿಟ್ಟದ್ದಿಲ್ಲ. ಹೀಗಾಗಿ ಪ್ರತಿ ಚಳಿಗಾಲದಲ್ಲೂ ನನ್ನ ಚೀಲಕ್ಕೆ ಬೀಜಕ್ಕಿಂತ ಮೊದಲು ಇಂಥ ಪ್ರಸಂಗಗಳೇ ಬಂದು ಬೀಳುತ್ತವೆ.

ದೆಹಲಿಯ ಮಧ್ಯೆ ಹಾದುಹೋಗುವ ಅರಾವಳಿಯ ಕಲ್ಲುಗುಡ್ಡಗಳನ್ನು ಇಲ್ಲಿಯವರು ರಿಡ್ಜ್ ಎನ್ನುತ್ತಾರೆ. ಅಲ್ಲಿ ಹಬ್ಬಿರುವ ಬಳ್ಳಾರಿ ಜಾಲಿಯನ್ನು ತೆಗೆದು, ಈ ನೆಲದ ಮೂಲ ಗಿಡಗಳನ್ನು ಮತ್ತೆ ಬೆಳೆಸುವ ಸಣ್ಣ ತಂಡವೊಂದರಲ್ಲಿ ಬೀಜ ಸಂಗ್ರಹ ನನ್ನ ಪಾಲಿನ ಕೆಲಸ. ಎಲ್ಲ ಗಿಡಗಳೂ ಒಂದಲ್ಲ ಒಂದು ರೀತಿಯಲ್ಲಿ ಸಹಕರಿಸಿದವು, ಧೌ ಒಂದನ್ನು ಬಿಟ್ಟು. ನಮ್ಮ ಕಡೆಯ ದಿಂಡಿಗದ ಹತ್ತಿರದ ಸಂಬಂಧಿ ಇದು. ಬೀಜಗಳನ್ನೇನೋ ಧಾರಾಳವಾಗಿ ಬಿಡುತ್ತದೆ, ಆದರೆ ಬಹುಪಾಲು ಜೊಳ್ಳು. ಜಾಲಿ ತೆಗೆದ ಒಂದು ಇಳಿಜಾರು ಧೌ ಸಸಿಗಳಿಗಾಗಿ ಕಾದು ಬರಿದಾಗಿತ್ತು. ಅದರ ಉಸ್ತುವಾರಿಯ ಅಧಿಕಾರಿಗಳು ನನ್ನನ್ನು ಕರೆದು ಶಾಂತವಾಗಿಯೇ ಹೇಳಿದರು: “ಮೇಡಂ, ಈ ಚಳಿಗಾಲ ಮುಗಿಯುವುದರೊಳಗೆ ಗಟ್ಟಿ ಬೀಜ ತನ್ನಿ. ಇಲ್ಲದಿದ್ದರೆ ಅಲ್ಲಿ ಕಾಗದದ ಹೂವಿನ ಗಿಡ ಹಾಕಿಸುತ್ತೇನೆ. ಅದಕ್ಕೆ ಬೀಜವೂ ಬೇಡ, ನೀವೂ ಬೇಡ.”

ಮಂಡಿನೋವು

ಮುನಿರ್ಕಾದ ಕಡೆಯ ಕಾಡಿನಂಚಿನಲ್ಲಿ, ಕೈಗೆಟಕುವಷ್ಟು ತಗ್ಗಿದ ಕೊಂಬೆಗಳಿರುವ ಧೌ ಮರವೊಂದು ನನ್ನ ಕಣ್ಣಿಗೆ ಬಿದ್ದಿತ್ತು. ಕಾಯಿ ಇನ್ನೂ ಹಸಿರು. ಒಂದೆರಡು ವಾರ ಕಾಯಬೇಕು. ಒಂದು ಕಾಯಿಯನ್ನು ಬ್ಲೇಡಿನಿಂದ ಸೀಳಿ ನೋಡುತ್ತಿದ್ದಾಗ, ಬೆಳಗಿನ ನಡಿಗೆಗೆ ಬಂದ ನಿವೃತ್ತ ಅಧಿಕಾರಿಯೊಬ್ಬರು ಮಂಗನ ಟೋಪಿಯನ್ನು ಕಿವಿಯಿಂದ ಮೇಲೆತ್ತಿ ಕೇಳಿದರು: “ಇದು ಮಂಡಿಗೋ, ಸಕ್ಕರೆಗೋ?”

“ಯಾವುದಕ್ಕೂ ಅಲ್ಲ ಸರ್. ಬಿತ್ತುವುದಕ್ಕೆ.”

“ಅಚ್ಛಾ, ಹೇಳಬಾರದೆಂದಿದ್ದರೆ ಬೇಡ ಬಿಡಿ. ತಿಂದರೆ ಏನಾಗುತ್ತದೆ, ಅಷ್ಟು ಹೇಳಿ.”

“ಏನೂ ಆಗುವುದಿಲ್ಲ.”

ಮರುವಾರ ಹೋದಾಗ, ಕೈಗೆಟಕುವ ಎತ್ತರದವರೆಗೆ ಮರ ಬೋಳಾಗಿತ್ತು. ಅದರ ಬುಡದಲ್ಲಿ ಟೋಪಿಗಳ ಒಂದು ಗುಂಪು, ನಡುವೆ ನಿಂತ ಅದೇ ನಿವೃತ್ತ ಹಿರಿಯರು ನನ್ನತ್ತ ಕೈತೋರಿ ಸಾರುತ್ತಿದ್ದರು: “ಇವರೇ ಆ ಡಾಕ್ಟರ್ ಮೇಡಂ. ತಿಂದರೆ ಏನೂ ಆಗುವುದಿಲ್ಲ ಎಂದು ಇವರೇ ಗ್ಯಾರಂಟಿ ಕೊಟ್ಟಿದ್ದಾರೆ. ಸೈಡ್ ಎಫೆಕ್ಟೇ ಇಲ್ಲ!”

ಮೊಘಲರ ಕಾಲದ ದೆವ್ವ

ಆದ್ದರಿಂದ ಮುಂದಿನ ಮರವನ್ನು ಜನ ಸುಳಿಯದ ಕಡೆ ಆರಿಸಿಕೊಂಡೆ: ಪಾಳುಬಿದ್ದ ಒಂದು ಗುಮ್ಮಟದ ಹಿಂದೆ. ಧೌ ಕಾಯಿ ಒಣಗಿದ ಕೂಡಲೇ ಪುಡಿಯಾಗಿ ಉದುರಿಹೋಗುತ್ತದೆ. ಅದಕ್ಕಾಗಿ ಕಾಯಿ ತುಂಬಿದ ಕೊಂಬೆಗಳ ತುದಿಗೆ ತೆಳುಬಟ್ಟೆಯ ಚೀಲ ಕಟ್ಟುವುದು ವಾಡಿಕೆ. ಅಮ್ಮ ಸರೋಜಿನಿ ನಗರದ ಅಂಗಡಿಯಿಂದ ಬಿಳಿ ಮಲ್ಮಲ್ ತಂದು ಚೀಲಗಳನ್ನು ಹೊಲಿದುಕೊಟ್ಟಳು. ಕಟ್ಟಿ ಬಂದೆ.

ಕಾಯಿ ಮಾಗುವ ಹೊತ್ತಿಗೆ ಹಿಂತಿರುಗಿದರೆ, ಕಾಂಡಕ್ಕೆ ಕೆಂಪು ದಾರ, ಬುಡದಲ್ಲಿ ಊದುಬತ್ತಿ, ಒಂದು ತಟ್ಟೆಯಲ್ಲಿ ಬತ್ತಾಸು. ಕಾವಲುಗಾರ ದೂರದಿಂದಲೇ ಕೂಗಿದ: “ಮುಟ್ಟಬೇಡಿ ಮೇಡಂ! ಹಿಮ್ಮುಖ ಪಾದದ ಹೆಣ್ಣುದೆವ್ವ, ಚುಡೈಲ್, ತನ್ನ ಮಕ್ಕಳನ್ನು ಬಿಳಿಬಟ್ಟೆಯಲ್ಲಿ ಸುತ್ತಿ ತೂಗುಹಾಕಿದ್ದಾಳೆ.”

ದಂತಕಥೆಗಳನ್ನು ನಾನು ಬಾಯಿಬಿಟ್ಟು ಅಲ್ಲಗಳೆಯುವುದಿಲ್ಲ. ಆದರೆ ಅವು ಎಲ್ಲಿ ಹುಟ್ಟಿದವೆಂದು ವಿಚಾರಿಸದೆ ಬಿಡುವುದೂ ಇಲ್ಲ. “ಯಾವಾಗಿನಿಂದ ಇವೆ ಭಯ್ಯಾ?” ಎಂದೆ.

“ಮೊಘಲರ ಕಾಲದಿಂದಲೂ. ನಮ್ಮ ಅಜ್ಜ ನೋಡಿದ್ದರು.”

“ಬಟ್ಟೆಯ ಅಂಚಿನಲ್ಲಿ ಅಂಗಡಿಯ ಮುದ್ರೆ ಇದೆಯಲ್ಲ?”

ಅವನು ಹತ್ತಿರ ಬಂದು ಮುದ್ರೆಯನ್ನು ಓದಿದ. ಆಮೇಲೆ ನನ್ನ ಮುಖ ನೋಡಿದ. ನಿಜ ಹೇಳುವುದೇ ಒಳ್ಳೆಯದೆನಿಸಿ, “ಇವನ್ನು ಕಟ್ಟಿದವಳು ನಾನೇ” ಎಂದೆ. ಅವನು ಮೆಲ್ಲನೆ ಹಿಂದೆ ಸರಿಯುತ್ತ, ನನ್ನ ಪಾದಗಳು ಮುಂದಕ್ಕಿವೆಯೋ ಹಿಂದಕ್ಕಿವೆಯೋ ಎಂದು ಬಗ್ಗಿ ನೋಡಿದ.

ಚೀಲಗಳೇನೋ ಕೈಗೆ ಬಂದವು. ಸೀಳಿ ನೋಡಿದರೆ ಎಲ್ಲವೂ ಜೊಳ್ಳು. ಅಧಿಕಾರಿಗಳ ಕಚೇರಿಯ ಮುಂದೆ ಆಗಲೇ ಕಾಗದದ ಹೂವಿನ ಕುಂಡಗಳು ಬಂದು ಇಳಿದಿದ್ದವು.

ಬಾಬಾನ ಬನ

ಇನ್ನು ಉಳಿದದ್ದು ಗುರುಗ್ರಾಮದಾಚೆ, ಊರವರು ಬಾಬಾ ಎಂದು ಕರೆಯುವ ದೇವರ ಬನ. ಅಲ್ಲಿ ಧೌ ಮರಗಳು ಒತ್ತಾಗಿ ಬೆಳೆದಿವೆ. ಒತ್ತಾಗಿದ್ದಲ್ಲಿ ಗಟ್ಟಿ ಬೀಜ ಸಿಗುವ ಸಂಭವ ಹೆಚ್ಚು. ತೊಡಕೆಂದರೆ, ಅಲ್ಲಿಂದ ಒಂದು ಎಲೆಯನ್ನೂ ಯಾರೂ ಒಯ್ಯುವಂತಿಲ್ಲ. ಬನದ ಅಂಚಿನಲ್ಲಿ ಹುಕ್ಕಾ ಸೇದುತ್ತ ಕುಳಿತಿದ್ದ ಮುದುಕರೊಬ್ಬರು ನನಗೆ ಎಚ್ಚರಿಕೆ ಕೊಟ್ಟರು: “ಬೇಟಿ, ಒಬ್ಬ ಹಲ್ಲುಜ್ಜಲು ಕಡ್ಡಿ ಮುರಿದ, ಅವನ ಎಮ್ಮೆಯ ಹಾಲು ಬತ್ತಿಹೋಯಿತು.”

“ಎಮ್ಮೆಗೆ ವಯಸ್ಸಾಗಿತ್ತೇ, ತಾವೂಜಿ?” ಎಂದೆ, ಆ ಕಡೆ ದೊಡ್ಡಪ್ಪನನ್ನು ಕರೆಯುವಂತೆ.

“ವಯಸ್ಸೂ ಆಗಿತ್ತು” ಎಂದು ಒಪ್ಪಿಕೊಂಡರು. ನಾನು ಇಳಿಜಾರಿನ ಕಥೆಯನ್ನು, ಕಾಗದದ ಹೂವಿನ ಬೆದರಿಕೆಯನ್ನು ವಿವರಿಸಿದೆ. ಅವರು ಬಹಳ ಹೊತ್ತು ಹೊಗೆ ಬಿಟ್ಟು ತೀರ್ಪಿತ್ತರು: “ಕೀಳಬಾರದು. ಅಲುಗಿಸಬಾರದು. ನೆಲಕ್ಕೆ ಬಿದ್ದದ್ದು ಬಾಬಾನದು. ತಾನಾಗಿ ನಿನ್ನ ಮೇಲೆ ಬಿದ್ದದ್ದು ನಿನ್ನದು.”

“ಛತ್ರಿಯೊಳಗೆ ಬಿದ್ದರೆ?”

“ಹಿಡಿದುಕೊಂಡಿದ್ದರೆ ಅದೂ ನೀನೇ. ಕೆಳಗಿಟ್ಟರೆ ಬರೀ ಛತ್ರಿ.”

ಛತ್ರಿಯನ್ನು ಬಿಚ್ಚಿ, ತಲೆಕೆಳಗಾಗಿ ಎರಡು ಕೈಯಲ್ಲಿ ಹಿಡಿದು, ಮರದಡಿ ಭಿಕ್ಷುಕಿಯಂತೆ ನಿಂತೆ. ದೆಹಲಿಯ ಚಳಿಗಾಲದಲ್ಲಿ ಗಾಳಿ ಎಂಬುದೇ ಇಲ್ಲ. ಇದ್ದಿದ್ದರೆ ನಮಗೆ ಉಸಿರಾಟಕ್ಕೆ ಇಷ್ಟು ಕಷ್ಟವಿರುತ್ತಿರಲಿಲ್ಲ. ಮಧ್ಯಾಹ್ನವಾದರೂ ಒಂದು ಬೀಜ ಬೀಳಲಿಲ್ಲ. ತೋಳು ಸೋತವು. ಎದುರಿಗೆ ಕುಳಿತವರನ್ನು ಉಪವಾಸ ಕೆಡವುವುದು ಸಲ್ಲದೆಂದು, ಚೀಲದಲ್ಲಿ ಅಮ್ಮ ಕೊಟ್ಟ ಕೋಡುಬಳೆ ಇದೆ, ತೆಗೆದುಕೊಳ್ಳಿ ಎಂದೆ. ಮುದುಕರು ಒಂದನ್ನು ಕಚ್ಚಿದರು. ಆ ನಿಶ್ಶಬ್ದದಲ್ಲಿ ಅದು ಕಲ್ಲು ಒಡೆದಂತೆ ಕೇಳಿಸಿತು.

ಸದ್ದು ನಮಗಷ್ಟೇ ಕೇಳಿಸಿದ್ದಲ್ಲ. ಕೋತಿಗಳ ಇಡೀ ಕುಟುಂಬ ಮರದಿಂದ ಮರಕ್ಕೆ ನೆಗೆಯುತ್ತ ಬಂದು ನನ್ನ ತಲೆಯ ಮೇಲಿನ ಕೊಂಬೆಗೇ ಜೋತುಬಿದ್ದಿತು. ಧೌ ಬೀಜದ ಮಳೆಯೇ ಸುರಿಯಿತು: ಛತ್ರಿಗೆ, ಸ್ವೆಟರಿಗೆ, ಜಡೆಗೆ. ಕೋಡುಬಳೆಯ ಡಬ್ಬಿ ಮರವೇರಿತು.

ಮುದುಕರು ಕೈಮುಗಿದರು. “ಬಾಬಾ ಕೊಟ್ಟ!”

“ಕೋತಿ ಬಂದದ್ದು ಕೋಡುಬಳೆಗೆ, ತಾವೂಜಿ.”

“ಕೋತಿಯನ್ನು ಕಳಿಸಿದ್ದು ಯಾರು?”

“ಕೋಡುಬಳೆಯನ್ನು ಕಳಿಸಿದ್ದು ನಮ್ಮಮ್ಮ.”

“ಹಾಗಾದರೆ ನಿಮ್ಮಮ್ಮನಿಗೂ ನಮಸ್ಕಾರ” ಎಂದವರು, ಬನದ ಗಡಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿ, ಜಡೆಗೆ ಸಿಕ್ಕಿದ್ದ ಒಂದು ಕಡ್ಡಿಯನ್ನು ಬಿಡಿಸಿ ಒಳಕ್ಕೆ ಎಸೆದರು. ಬೀಜದ ವಿಷಯ ಬೇರೆ, ಕಡ್ಡಿಯ ವಿಷಯ ಬೇರೆಯಂತೆ.

ಮನೆಗೆ ಬಂದು ಊಟದ ಮೇಜಿನ ಮೇಲೆ ಮಾದರಿಗೆಂದು ಒಂದು ಹಿಡಿ ಬೀಜ ತೆಗೆದು ಒಂದೊಂದಾಗಿ ಸೀಳಿದೆ. ಜೊಳ್ಳು, ಜೊಳ್ಳು, ಆಮೇಲೆ ಬೆಳ್ಳನೆಯ ತಿರುಳು! ಮತ್ತೊಂದರಲ್ಲೂ ತಿರುಳು. ಅಧಿಕಾರಿಗಳಿಗೆ ಫೋನ್ ಮಾಡಿದೆ. ಕುಂಡಗಳನ್ನು ಕಚೇರಿಯ ಅಂಗಳಕ್ಕೇ ಇಟ್ಟುಕೊಳ್ಳುತ್ತೇವೆ, ಇಳಿಜಾರು ನಿಮ್ಮದೇ ಎಂದರು.

ನಡೆದದ್ದನ್ನೆಲ್ಲ ಅಮ್ಮನಿಗೆ ವರದಿ ಮಾಡಿದೆ. ಕೋತಿಗಳ ಸ್ವಭಾವ, ಸದ್ದಿನ ಪಾತ್ರ, ಕೊಂಬೆಯ ಓಲಾಟ, ಎಲ್ಲವನ್ನೂ ಕಾರ್ಯಕಾರಣ ಸಮೇತ ವಿವರಿಸಿ, ಇದರಲ್ಲಿ ಪವಾಡವೇನೂ ಇಲ್ಲವೆಂದು ಸಾಬೀತುಪಡಿಸಿದೆ. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡಳು. ನಮ್ಮ ದೇವಸ್ಥಾನಗಳಲ್ಲಿ ಏನನ್ನಾದರೂ ಬೇಡಿಕೊಂಡು, ದೇವರ ಮುಡಿಯಿಂದ ಹೂ ಬೀಳುವುದನ್ನೇ ಕಾಯುತ್ತ ನಿಂತವರು ಕೇಳುವ ಒಂದೇ ಪ್ರಶ್ನೆಯನ್ನು ಅವಳೂ ಕೇಳಿದಳು:

“ಅದೆಲ್ಲ ಇರಲಿ. ಬಲಗಡೆಯಿಂದ ಬಿತ್ತೋ, ಎಡಗಡೆಯಿಂದಲೋ?”

ಇಂಥ ಪ್ರಶ್ನೆಗೆ ಅರ್ಥವಿಲ್ಲವೆಂದು ಹೇಳಲೆಂದೇ ಬಾಯಿ ತೆರೆದೆ. ಬಾಯಿಂದ ಬಂದದ್ದು ಮಾತ್ರ, “ಬಲಗಡೆಯಿಂದ. ನಾನು ಗಮನಿಸಿದ್ದೆ.”