ಪಕ್ಕದ ಸೈಟಿನ ಹುಲ್ಲು

ಮರ್ವಿನ್ ಟ್ರೆಗೀರ್ ಕಟ್ಟಲು ಹೊರಟ ಮನೆಗೆ ಅಡ್ಡ ಬಂದದ್ದು ಪಕ್ಕದ ಖಾಲಿ ಸೈಟಿನ ಹುಲ್ಲು. ಸೈಟು ಪುರಸಭೆಯದು, ಹುಲ್ಲು ಸೊಂಟದೆತ್ತರ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಆ ಗುಡ್ಡದೂರಿನಲ್ಲಿ ಕಾಡ್ಗಿಚ್ಚಿನ ಅಪಾಯ ಎಷ್ಟೆಂದು ಅಳೆದು ದರ್ಜೆ ಕೊಡುವವರೆಗೆ ಯಾರೂ ಗೋಡೆ ಎಬ್ಬಿಸುವಂತಿಲ್ಲ. ದರ್ಜೆ ಏರಿತೋ, ಕಿಟಕಿಗಳಿಗೆಲ್ಲ ಉಕ್ಕಿನ ಪರದೆ, ದಪ್ಪ ಗಾಜು. ಅದಕ್ಕೆಲ್ಲ ಸಾಲ ಹುಟ್ಟುವುದಿಲ್ಲ, ಮನೆ ಈಗಾಗಲೇ ಹಾಕಿದ ತಳಪಾಯದಲ್ಲೇ ನಿಲ್ಲುತ್ತದೆ.

ಹೆಂಡತಿ ಲೀಯಾನ್ ಎರಡು ಚಳಿಗಾಲ, ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನಿನಲ್ಲಿ ಮೊಣಕಾಲು ಮಡಚಿ ಮಲಗಿದ್ದಳು. ಮನೆ ಈ ಸಲವೂ ಏಳದಿದ್ದರೆ ತಂಗಿಯ ಊರಿಗೆ ಹೊರಟೆ ಎಂದು ಹೇಳಿಯಾಗಿತ್ತು. ಅವಳು ಸುಮ್ಮನೆ ಬೆದರಿಸುವವಳಲ್ಲ.

ಹುಲ್ಲು ಕೊಯ್ಯಿಸಿ ಎಂದು ಮರ್ವಿನ್ ಪುರಸಭೆಗೆ ಎಡತಾಕಿದ್ದ. ಬೆಂಕಿಯ ಕಾಲ ಮುಗಿದ ಮೇಲೆ ಖಂಡಿತ ಕೊಯ್ಯುತ್ತೇವೆ ಎಂದು ಅವರು ವಿನಯದಿಂದ ಹೇಳಿದ್ದರು.

ದರ್ಜೆ ಕೊಡುವ ಅಧಿಕಾರಿಣಿ ಇಂಗ್ರಿಡ್ ಬರುವ ದಿನ ಬೆಳಿಗ್ಗೆಯೇ ಎದುರುಮನೆಯ ಡಗ್ಲಸ್ ಹಾಜರಾದ. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿದ್ದವನು. ಕೇಳದಿದ್ದರೂ ಸಲಹೆ ಕೊಡುವುದು ಅವನ ಹುಟ್ಟುಗುಣ.

"ಅವರ ಹುಲ್ಲು ನೀನು ಕೊಯ್ದ್ರೆ ಯಾರಪ್ಪನ ಗಂಟು ಹೋಗುತ್ತೆ ಮಾರಾಯ? ನನ್ನ ಮಷೀನ್ ತಗೋ."

ಮರ್ವಿನ್ ತಗೊಂಡ. ಬಿಸಿಗಾಳಿ ಬೀಸುತ್ತಿತ್ತು. ಅರ್ಧ ಸೈಟು ಚೆನ್ನಾಗಿಯೇ ಆಯಿತು. ಆಮೇಲೆ ಅಲಗು ಕಲ್ಲಿಗೆ ಬಡಿದು ಕಿಡಿ ಹಾರಿತು. ಇಲಿ ಬಂತೆಂದು ಮನೆಗೆ ಬೆಂಕಿ ಇಟ್ಟವನ ಕತೆ ಕೇಳಿದ್ದೇವೆ. ಮರ್ವಿನ್‌ಗೆ ಮನೆಯೂ ಇರಲಿಲ್ಲ.

ದಳದ ಗಾಡಿ ಬಂತು. ಅದರಲ್ಲಿ ಬಂದವರೆಲ್ಲ ನೆರೆಹೊರೆಯವರೇ. ನೀರು ಬಿಡುತ್ತಲೇ ಒಬ್ಬ ಗಾಳಿಯ ದಿಕ್ಕು ನೋಡಬೇಕಿತ್ತು ಎಂದ, ಇನ್ನೊಬ್ಬ ಕುರಿ ಬಿಟ್ಟಿದ್ದರೆ ಸಾಕಿತ್ತು ಎಂದ. ಬೆಂಕಿ ಆರಿದಾಗ ಸೈಟು ಮಸಿ ಬಳಿದ ಬಾಣಲೆಯಂತಿತ್ತು. ಪುಣ್ಯಕ್ಕೆ ಬೇರೇನೂ ಸುಟ್ಟಿರಲಿಲ್ಲ.

ಡಗ್ಲಸ್ ಬೆನ್ನು ತಟ್ಟಿದ. "ಹುಲ್ಲೇ ಇಲ್ಲ ಈಗ. ಸಲೀಸಾಗಿ ಪಾಸಾಗ್ತೀಯ ಬಿಡು."

ಮರ್ವಿನ್‌ಗೂ ಹೌದೆನ್ನಿಸಿತು. ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ನಿಂತ.

ಇಂಗ್ರಿಡ್ ಬಂದಳು. ಕರಿ ನೆಲವನ್ನು ಒಮ್ಮೆ, ಮರ್ವಿನ್‌ನ ಸುಟ್ಟ ಹುಬ್ಬನ್ನು ಒಮ್ಮೆ ನೋಡಿದಳು.

"ಮೇಡಂ, ಸುಡೋದಕ್ಕೆ ಇಲ್ಲಿ ಇನ್ನೇನೂ ಉಳಿದಿಲ್ಲ," ಎಂದ ಮರ್ವಿನ್, ತುಸು ಹೆಮ್ಮೆಯಿಂದಲೇ.

"ಈಗಿರೋದನ್ನ ನಾವು ಅಳೆಯಲ್ಲ, ಮುಂದೆ ಬೆಳೆಯೋದನ್ನ ಅಳೀತೀವಿ. ಈ ಮಣ್ಣಲ್ಲಿ ವಾಟಲ್ ಅನ್ನೋ ಜಾಲಿ ಜಾತಿ ಗಿಡದ ಬೀಜ ಎಷ್ಟೋ ವರ್ಷದಿಂದ ಮಲಗಿರುತ್ತೆ. ಬೆಂಕಿ ತಾಗಿದ್ರೇನೇ ಮೊಳೆಯೋದು. ನೀವು ಎಬ್ಬಿಸಿದೀರಿ. ಇನ್ನು ಇಲ್ಲಿ ಬರೋದು ಹುಲ್ಲಲ್ಲ, ಪೊದೆಕಾಡು. ಅದಕ್ಕೆ ದರ್ಜೆ ಮೇಲಿನದು."

ಮರ್ವಿನ್ ಬಾಯಿ ತೆರೆಯುವಷ್ಟರಲ್ಲಿ ಪುರಸಭೆಯ ಲಾರಿ ಬಂದು ನಿಂತಿತು. ಮೇಲೆ ಹುಲ್ಲು ಕೊಯ್ಯುವ ದೊಡ್ಡ ಯಂತ್ರ. ಪುರಸಭೆಯನ್ನು ಒಪ್ಪಿಸಿ ಅದನ್ನು ತರಿಸಿದವಳು ಇಂಗ್ರಿಡ್ಡೇ. ಸೈಟನ್ನು ಪ್ರತಿ ತಿಂಗಳೂ ಕೊಯ್ಯುವುದಾಗಿ ಅವರು ಮಾತು ಕೊಟ್ಟಿದ್ದರಂತೆ. ಹಾಗಾಗಿದ್ದರೆ ಕೆಳಗಿನ ದರ್ಜೆಯನ್ನೇ ಕೊಡುವವಳಿದ್ದಳು.

ಚಾಲಕ ಇಳಿದು ಸೈಟಿನ ಉದ್ದಗಲ ನೋಡಿದ.

"ಹುಲ್ಲೆಲ್ಲಿದೆ ಸ್ವಾಮಿ? ಹುಲ್ಲಿಲ್ಲದ ಸೈಟಿಗೆ ನಾವು ಬರಲ್ಲ," ಎಂದವನೇ ಲಾರಿ ತಿರುಗಿಸಿಕೊಂಡು ಹೋದ. ಇಂಗ್ರಿಡ್ ಅತಿ ಮೇಲಿನ ದರ್ಜೆ ಬರೆದುಕೊಟ್ಟು, ನಿಜವಾಗಿಯೂ ಬೇಸರಪಟ್ಟುಕೊಂಡು ಹೊರಟಳು.

ಹಿಂದೆ ಸರಪಳಿಯ ಸದ್ದಾಯಿತು. ಲೀಯಾನ್ ಕ್ಯಾರವಾನನ್ನು ಕಾರಿಗೆ ಬಿಗಿಯುತ್ತಿದ್ದಳು, ಡಗ್ಲಸ್ ಕೇಳದೆಯೇ ಕೈಜೋಡಿಸಿದ್ದ. ಮರ್ವಿನ್ ಅತ್ತ ಓಡಿದ.

"ಲೀಯಾನ್, ನಾನೆಲ್ಲಿ ಮಲಗಲಿ?"

"ತಳಪಾಯ ಇದೆಯಲ್ಲ, ಅದರ ಮೇಲೆ ಮಲಗು," ಎಂದಳು ಅವಳು ಕಾರು ಹತ್ತುತ್ತ. "ಕಾಂಕ್ರೀಟಿಗೆ ಬೆಂಕಿ ಹತ್ತಲ್ಲ."