ನೂರತೊಂಬತ್ತಮೂರನೆಯ ಪುಟದ ಕೋಳಿ

ಮಹಾಮಾರಿಯ ಕಾಲದ ಪತ್ತೇದಾರಿ ಕಾದಂಬರಿ ಬರೆದು ಪ್ರಸಿದ್ಧರಾಗಿರುವ ಮಾನ್ಯರೇ,

ತಮ್ಮ ಲೇಖನಿಗೂ ತಮ್ಮ ನಿದ್ದೆಗೂ ಯಾವ ಕೊರತೆಯೂ ಬಾರದಿರಲಿ ಎಂದು ಹಾರೈಸುತ್ತಾ, ಸಾರ್ವಜನಿಕ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಮೂವತ್ತೊಂದು ವರ್ಷಗಳಿಂದ ರಟ್ಟು ಹಾಕಿಕೊಂಡು ಬಂದಿರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಕಾದಂಬರಿ ತೀರಾ ಚೆನ್ನಾಗಿದೆ, ಅದರಿಂದಾಗಿ ನನ್ನ ಅನ್ನಕ್ಕೆ ಕಲ್ಲು ಬೀಳುವ ಹಾಗಾಗಿದೆ. ತಮ್ಮ ವಿಳಾಸ ಸಿಗದ ಕಾರಣ ಇದನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯುತ್ತಿದ್ದೇನೆ; ದಯವಿಟ್ಟು ಗುಟ್ಟಾಗಿ ಓದಿಕೊಳ್ಳಬೇಕು.

ರಟ್ಟು ಹಾಕುವವನು ಪುಸ್ತಕ ಓದಬಾರದು ಎಂದು ನನಗೆ ಕೆಲಸ ಕಲಿಸಿದ ಸೋದರಮಾವ ಹೇಳುತ್ತಿದ್ದರು. ನಾನೂ ಅದನ್ನು ಚಾಚೂ ತಪ್ಪದೆ ಪಾಲಿಸಿ, ಸಾವಿರಾರು ಪುಸ್ತಕ ಹೊಲಿದರೂ ಒಂದು ಅಕ್ಷರವನ್ನೂ ತಲೆಗೆ ಹಚ್ಚಿಕೊಳ್ಳದೆ ಸುಖವಾಗಿದ್ದವನು. ಓದುಗರ ಕೈಯಲ್ಲಿ ಎರಡೇ ತಿಂಗಳಿಗೆ ಬೆನ್ನು ಮುರಿದುಕೊಂಡು ಬಂದ ತಮ್ಮ ಕಾದಂಬರಿಯ ಹೊಲಿಗೆ ಬಿಚ್ಚಿ, ಹದಿನಾರು ಪುಟಗಳಿಗೊಂದರಂತೆ ಹದಿಮೂರು ಕಟ್ಟುಗಳನ್ನು ಬೇರೆ ಮಾಡುವಾಗ ಮೊದಲ ಸಾಲಿನ ಮೇಲೆ ಕಣ್ಣು ಬಿದ್ದದ್ದೇ ತಪ್ಪಾಯಿತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿರುವಾಗ, ಆಸ್ಪತ್ರೆಯಲ್ಲಿ ರೋಗದಿಂದ ಸತ್ತವರ ಸಾಲಿನಲ್ಲಿ ಕೊಲೆಯಾದವನೊಬ್ಬನನ್ನೂ ಮಲಗಿಸಿಟ್ಟಿದ್ದೀರಲ್ಲ, ಆ ತಲೆಗೆ ದೊಡ್ಡ ನಮಸ್ಕಾರ. ದೊಡ್ಡ ಡಾಕ್ಟರೋ, ಪ್ರಯೋಗಾಲಯದವನೋ, ಕಾವಲುಗಾರನೋ ಎಂದು ಒಬ್ಬೊಬ್ಬರನ್ನೇ ಅನುಮಾನಿಸುತ್ತಾ, ಒಂದು ಕಟ್ಟು ಓದಿ ಒಂದು ಕಟ್ಟು ಹೊಲಿಯುತ್ತಾ, ತಮ್ಮ ರೋಗವರ್ಣನೆಗೆ ಹೆದರಿ ಪ್ರತಿ ಕಟ್ಟಿನ ನಂತರವೂ ಸೋಪು ಹಾಕಿ ಕೈ ತೊಳೆದೆ. ಮೂಗಿಗೆ ರಟ್ಟಿನ ಬಟ್ಟೆ ಕಟ್ಟಿಕೊಂಡು ಕುಳಿತಿದ್ದ ನನ್ನನ್ನು ಕಂಡ ಹೆಂಡತಿ, "ಊರಿಗೆ ಬಂದಿದ್ದು ಹೋಗಿ ಎಷ್ಟೋ ವರ್ಷ ಆಯ್ತು, ನಿಮಗೆ ಈಗ ಬಂತಾ?" ಎಂದು ಕೇಳಿ ತನ್ನ ಕೆಲಸಕ್ಕೆ ಹೋದಳು.

ನೂರತೊಂಬತ್ತೆರಡನೆಯ ಪುಟದ ತುದಿಯಲ್ಲಿ ಒಂಟಿ ನರ್ಸು ಕೊಲೆಗಾರನ ಮಾಸ್ಕನ್ನು ಹಿಡಿದೆಳೆಯುತ್ತಾಳೆ. "ಅಲ್ಲಿ ಅವಳಿಗೆ ಕಂಡದ್ದು" ಎಂಬಲ್ಲಿಗೆ ಪುಟ ಮುಗಿಯುತ್ತದೆ. ನಾನು ಕೈ ತೊಳೆಯಲು ಎದ್ದೆ. ಅಷ್ಟರಲ್ಲಿ ಗ್ರಂಥಾಲಯದ ಜವಾನರು ಬಂದು, ನಾಳೆಗೆ ಪುಸ್ತಕ ಬೇಕೇ ಬೇಕು, ಅಂಟು ಹಾಕುವುದನ್ನು ನೋಡಿಯೇ ಹೋಗುತ್ತೇನೆಂದು ಬಾಗಿಲಲ್ಲಿ ನಿಂತರು. ಕೊನೆಯನ್ನು ಆಮೇಲೆ ಎರವಲು ತಂದು ಓದಿದರಾಯಿತೆಂದುಕೊಂಡು, ಒದ್ದೆ ಕೈಯಲ್ಲಿ ಕಾಗದ ಮುಟ್ಟಬಾರದೆಂದು ಕೊನೆಯ ಕಟ್ಟನ್ನು ಇಕ್ಕಳದಲ್ಲಿ ಎತ್ತಿಟ್ಟು, ಕೈ ಒರೆಸಿಕೊಂಡು ಹೊಲಿದುಬಿಟ್ಟೆ. ಇಕ್ಕಳಕ್ಕೆ ಸಿಕ್ಕಿದ್ದು ಪಕ್ಕದಲ್ಲೇ ಬಿಚ್ಚಿಟ್ಟಿದ್ದ ಕೋಳಿ ಸಾಕಣೆ ಪುಸ್ತಕದ ಕೊನೆಯ ಕಟ್ಟು. ಅದೇ ಅಳತೆ, ಅದೇ ಪುಟಸಂಖ್ಯೆ. ತಮ್ಮ ಹದಿನಾರು ಪುಟ ಕೋಳಿ ಪುಸ್ತಕ ಸೇರಿಕೊಂಡವು.

ಇದು ನನಗೆ ಗೊತ್ತಾದದ್ದು ಎರಡು ತಿಂಗಳು ಸರದಿ ಕಾದು ಪುಸ್ತಕ ಮನೆಗೆ ತಂದ ದಿನ. ಕೈ ತೊಳೆದು, ಉಸಿರು ಬಿಗಿಹಿಡಿದು ಪುಟ ತಿರುಗಿಸಿದರೆ, ನರ್ಸಿಗೆ ಕಂಡದ್ದು "ಕೊಕ್ಕಿನ ಬಣ್ಣ ಮಾಸಿದ್ದರೆ ಅಂಥದನ್ನು ಕೂಡಲೇ ಗುಂಪಿನಿಂದ ಬೇರ್ಪಡಿಸತಕ್ಕದ್ದು." ಅಷ್ಟು ಹೊತ್ತಿಗಾಗಲೇ ಪುಸ್ತಕವನ್ನು ಹತ್ತೊಂಬತ್ತು ಮಂದಿ ಓದಿದ್ದರು, ಒಬ್ಬರೂ ದೂರು ಕೊಟ್ಟಿರಲಿಲ್ಲ. ಓದುಗರ ಬಳಗದ ಮುಖ್ಯಸ್ಥೆಯಾದ ನಿವೃತ್ತ ಹೆಡ್‌ಮಿಸ್ಸು "ನಾವೆಲ್ಲ ಗೂಡಿನೊಳಗಿದ್ದ ಕೋಳಿಗಳೇ ಅಲ್ವಾ" ಎಂದು ಕಣ್ಣೊರೆಸಿಕೊಂಡರಂತೆ. ಅಂಚೆಯಣ್ಣನವರಂತೂ ಮೊಟ್ಟೆಯನ್ನು ದೀಪಕ್ಕೆ ಹಿಡಿದು ನೋಡುವ ಭಾಗದಲ್ಲಿ ಬದುಕಿನ ಅರ್ಥವೇ ಇದೆ ಎನ್ನುತ್ತಾರೆ.

ಆ ಅಂತ್ಯಕ್ಕಾಗಿಯೇ ತಮ್ಮನ್ನು ಬರುವ ಭಾನುವಾರ ಕರೆಸಿ ಸನ್ಮಾನ ಮಾಡುತ್ತಾರೆ. ಒಂದೇ ಒಂದು ಪುಟ ಹೆಚ್ಚುಕಮ್ಮಿಯಾದರೂ ಕೆಲಸ ಬೇರೆಯವರಿಗೆ ಎಂದು ಗ್ರಂಥಪಾಲಕಿಯವರು ನನಗೆ ಮೊದಲೇ ಹೇಳಿಟ್ಟಿದ್ದಾರೆ, ಈ ವಯಸ್ಸಿನಲ್ಲಿ ನನಗೆ ಬೇರೆ ಕೆಲಸ ಬರುವುದಿಲ್ಲ, ನಿಜಕ್ಕೂ ಭಯವಾಗಿದೆ. ಆದುದರಿಂದ ತಾವು ವೇದಿಕೆಯ ಮೇಲೆ ಕೋಳಿಗಳು ತಮ್ಮವೇ ಎಂದು ಒಪ್ಪಿಕೊಳ್ಳಬೇಕು. ಭಾನುವಾರದೊಳಗೆ ಒಂದೆರಡು ಕೋಳಿಗಳ ಪರಿಚಯ ಮಾಡಿಕೊಂಡರೆ ಪ್ರಶ್ನೋತ್ತರಕ್ಕೆ ಅನುಕೂಲ. ಸಾಧ್ಯವಾದರೆ ಈವರೆಗೆ ಮಾರಾಟವಾದ ಪ್ರತಿಗಳನ್ನೆಲ್ಲ ಮನೆಮನೆಯಿಂದ ವಾಪಸು ತರಿಸಿ ಅವುಗಳಿಗೂ ಕೋಳಿ ಸೇರಿಸಬೇಕು, ಹೊಲಿಗೆಯನ್ನು ನಾನು ಪುಕ್ಕಟೆ ಮಾಡಿಕೊಡುತ್ತೇನೆ. ಮುಂದಿನ ಕಾದಂಬರಿಯನ್ನು ಮಾತ್ರ, ದುಡಿಯುವವರ ಮೇಲೆ ಕರುಣೆಯಿಟ್ಟು, ಸ್ವಲ್ಪ ಬೇಸರ ಬರುವಂತೆ ಬರೆಯಬೇಕೆಂದು ಬೇಡುತ್ತೇನೆ.

ಕೊನೆಯ ಮಾತು. ಕೊಲೆಗಾರ ಯಾರೆಂದು ನನಗಿನ್ನೂ ಗೊತ್ತಿಲ್ಲ. ಗೊತ್ತಿರುವುದು ಆ ಕೋಳಿ ಪುಸ್ತಕವನ್ನು ಒಯ್ದ, ಕೆರೆಯಾಚೆಯ ಕೋಳಿ ಸಾಕುವ ಅಕ್ಕನಿಗೆ. ತಮ್ಮ ಹದಿನಾರು ಪುಟ ಓದಿದಾಗಿನಿಂದ ಅವರು ತಮ್ಮದೇ ಮನೆಯ ಬಿಳಿ ಹುಂಜವನ್ನು ಒಂದು ಕೋಳಿಯ ಸಾವಿನ ಅನುಮಾನದ ಮೇಲೆ ಕೂಡಿಹಾಕಿದ್ದಾರೆ. ಕೇಳಲು ಹೋದರೆ "ವಿಚಾರಣೆ ಮುಗಿಯೋವರೆಗೂ ಪುಸ್ತಕ ಕೊಡಲ್ಲ" ಎನ್ನುತ್ತಾರೆ. ನನಗೆ ಅನ್ನ ಸೇರುತ್ತಿಲ್ಲ.

ಭಾನುವಾರ ಹಿಂದಿನ ಸಾಲಿನಲ್ಲಿ ತೊಳೆದ ಕೈಗಳನ್ನು ಮುಗಿದು ಕುಳಿತಿರುವ,
ತಮ್ಮ ವಿಶ್ವಾಸಿ,
ರಟ್ಟಿನವನು

ತಾ.ಕ.: ಪತ್ರ ಅಂಚೆಗೆ ಹಾಕುವ ಮುನ್ನ ಕೋಳಿ ಪುಸ್ತಕ ವಾಪಸು ಬಂತು, ತಮ್ಮ ಅಂತ್ಯವನ್ನು ಓದಿದೆ. ನೂರತೊಂಬತ್ತೆರಡು ಪುಟಗಳಲ್ಲಿ ಒಮ್ಮೆಯೂ ಸುಳಿವು ಕೊಡದೆ, ಕೊಲೆ ಮಾಡಿದ್ದು ಕಾವಲುಗಾರನ ಅವಳಿ ತಮ್ಮ ಎಂದಿದ್ದೀರಿ. ಹೊಲಿಗೆ ಬಿಚ್ಚಿ ತಮ್ಮ ಪುಟಗಳನ್ನು ಮರಳಿ ಸೇರಿಸುವ ವಿಚಾರವನ್ನು ನಾನು ಕೈಬಿಟ್ಟಿದ್ದೇನೆ. ಆದರೂ ಬರೆದದ್ದು ವ್ಯರ್ಥವಾಯಿತೆಂದು ತಾವು ಕೊರಗಬಾರದು: ಆ ಬಿಳಿ ಹುಂಜಕ್ಕೆ ಅವಳಿ ತಮ್ಮನಿಲ್ಲವೆಂದು ಮಾರಿದವನಿಂದ ಖಚಿತಪಡಿಸಿಕೊಂಡ ಆ ಅಕ್ಕ, ಅದನ್ನು ನಿರಪರಾಧಿಯೆಂದು ಬಿಡುಗಡೆ ಮಾಡಿದ್ದಾರೆ.